ಕುಸಿದ ದಾರಿ

ಗುಂಪಿನಲ್ಲಿ ಎಂಟು ಜನ ಇರಬೇಕಿತ್ತು. ಹಾಳುಪಟ್ಟಣದ ಹೆಬ್ಬಾಗಿಲಲ್ಲಿ ನಿಂತು ಮಾರ್ಗದರ್ಶಿ ಕೆನಾನ್ ತಲೆ ಎಣಿಸಿದಾಗ ಒಂಬತ್ತಾಯಿತು. ಪ್ರವಾಸಿಗರ ಬಣ್ಣಬಣ್ಣದ ಬೆನ್ನುಚೀಲಗಳ ಹಿಂದೆ, ಹೂವಿನ ಷರಾಯಿ, ಬಿಳಿ ತಲೆವಸ್ತ್ರ, ಕಪ್ಪು ರಬ್ಬರ್ ಜೋಡು ತೊಟ್ಟು ಇಂಜಿರ್ಲಿ ಊರಿನ ಫದಿಮೆ ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ.

"ಏನಜ್ಜಿ, ಮೇಕೆ ತಪ್ಪಿಸ್ಕೊಂಡಿತಾ?"

"ಮೇಕೆ ಕೊಟ್ಟಿಗೇಲೇ ಇದೆ. ವಾರ ವಾರ ನನ್ನ ಬಾಗಿಲ ಮುಂದೇನೇ ಈ ಜನಾನ ಹೊಡ್ಕೊಂಡು ಹೋಗ್ತೀಯಲ್ಲ, ಎಲ್ಲಿಗೆ ಅಂತ ನೋಡೋಣ ಅಂತ ಬಂದೆ. ಮಧ್ಯಾಹ್ನದ ಊಟಕ್ಕೆ ಗುಡ್ಡದಾಚೆ ತಾಷ್‌ದಿಬಿ ಸೇರ್ತೀರಂತೆ. ನಿಜಾನಾ?"

"ನಿಜ. ಗುಡ್ಡ ಹತ್ತಿ ಇಳಿದ್ರೆ ಮೂರು ಗಂಟೆ. ನಿನ್ನ ಕೈಲಿ ಆಗುತ್ತಾ?"

"ಆ ಎರಡು ಕೋಲು ಊರ್ಕೊಂಡು ಬರ್ತಿದಾಳಲ್ಲ, ಅವಳಿಗಿಂತ ಚೆನ್ನಾಗೇ ನಡೀತೀನಿ. ನಡಿ."

ಟಾರು ರಸ್ತೆಯಲ್ಲಿ ಬೆಟ್ಟ ಬಳಸಿ ಹೋದರೆ ತಾಷ್‌ದಿಬಿ ಐವತ್ತು ಕಿಲೋಮೀಟರು. ಇಂಜಿರ್ಲಿಯವರು ಹೋಗುವುದಿದ್ದರೆ ಹಾಗೇ ಹೋಗುತ್ತಿದ್ದರು. ಕೆನಾನ್ ಬಂಡೆಯಲ್ಲಿ ಕೊರೆದ ಗೋರಿಗಳನ್ನು ತೋರಿಸಿದ, ನೀರು ಕೂಡಿಡುತ್ತಿದ್ದ ನೆಲಮಾಳಿಗೆಯೊಳಗೆ ಇಣುಕಿಸಿದ. ಪ್ರವಾಸಿಗರಿಗೆ ಹೇಳಿದ್ದನ್ನೆಲ್ಲ ಅಜ್ಜಿಗೆ ತಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳಿದ. ಅವಳು ಗೋರಿಯನ್ನೂ ನೋಡಲಿಲ್ಲ, ನೆಲಮಾಳಿಗೆಯನ್ನೂ ನೋಡಲಿಲ್ಲ. ಬಗ್ಗಿ ಕಾಲಡಿಯ ಕಲ್ಲುಹಾಸನ್ನೇ ನೋಡುತ್ತ ನಡೆದಳು. ಒಂದೆರಡು ಕಡೆ ಜೋಡಿನ ತುದಿಯಿಂದ ಕಲ್ಲನ್ನು ಒದ್ದು, ಅಲುಗುತ್ತದೆಯೇ ಎಂದು ಪರೀಕ್ಷಿಸಿದಳು.

"ಇದನ್ನ ನಿಮ್ಮ ಕಂಪನಿಯವರು ಹಾಕ್ಸಿದ್ದಾ?"

"ನಾವೆಲ್ಲಿ ಹಾಕ್ಸೋಣ ಅಜ್ಜಿ! ನಾವು ಮುಳ್ಳು ಸವರಿದ್ದಷ್ಟೇ. ಇದು ರೋಮ್ ದೊರೆಗಳ ಕಾಲದ್ದು. ಎರಡು ಸಾವಿರ ವರ್ಷ ಆಗಿದೆ."

"ಹಾಗಾದ್ರೆ ಇಪ್ಪತ್ತಾರು ವರ್ಷದ ಹಿಂದೇನೂ ಇತ್ತು."

"ಇಲ್ದೆ ಎಲ್ಲಿಗೆ ಹೋಗುತ್ತೆ?" ಎಂದು ಕೆನಾನ್ ನಕ್ಕ. ಅವಳು ನಗಲಿಲ್ಲ.

ನೆತ್ತಿ ದಾಟಿ ಸ್ವಲ್ಪ ಇಳಿದ ಮೇಲೆ ಕಲ್ಲುಹಾಸು ಒಮ್ಮೆಲೇ ನಿಂತಿತು. ಎಂದೋ ಗುಡ್ಡ ಜಾರಿ ದಾರಿಯನ್ನು ಕೊಂಡೊಯ್ದಿತ್ತು. ಮೇಲುಗಡೆ ಮೇಕೆಗಳು ಮಾಡಿಕೊಂಡ ಕಾಲುಹಾದಿಯೊಂದು ಇತ್ತು. ಕೆನಾನ್ ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದ. ಫದಿಮೆ ಯಾರ ಕೈಯನ್ನೂ ಹಿಡಿಯದೆ ದಾಟಿದಳು. ಆಚೆ ಮುಟ್ಟಿ, ತಿರುಗಿ ಈಚೆಗೆ ಬಂದಳು. ತುಟಿ ಅಲುಗಿಸುತ್ತ ಮತ್ತೊಮ್ಮೆ ದಾಟಿದಳು.

"ಮೂವತ್ತು ಹೆಜ್ಜೆ. ಕುಸಿದಿದೆ ಅಂದ್ರೆ ಇಷ್ಟೇನಾ?"

"ಇಷ್ಟೇ. ಯಾಕಜ್ಜಿ?"

ಅವಳು ಕಲ್ಲೊಂದರ ಮೇಲೆ ಕುಳಿತಳು. ಉಸಿರು ಹಿಡಿತಕ್ಕೆ ಬರಲು ಹೊತ್ತು ಹಿಡಿಯಿತು.

"ಇಪ್ಪತ್ತಾರು ವರ್ಷದ ಹಿಂದೆ ಒಂದಿನ ಬೆಳಗಿನ ಜಾವ ನಮ್ಮಮ್ಮ ತೀರ್ಕೊಂಡ್ಲು. ಗಾಳಿಗೆ ಫೋನಿನ ತಂತಿ ಬಿದ್ದಿತ್ತು. ನಡುಹಗಲ ನಮಾಜು ಮುಗೀತಿದ್ದ ಹಾಗೇ ಮಣ್ಣು ಮಾಡ್ಬೇಕು. ತಾಷ್‌ದಿಬಿಗೆ ಕೊಟ್ಟ ತಂಗಿಗೆ ತಿಳಿಸು ಅಂತ ಹಾಲಿನ ಲಾರಿಯವನಿಗೆ ಹೇಳಿ ಕಳಿಸ್ದೆ. ಅವನು ದಾರೀಲಿ ಎಲ್ಲಿ ಕೂತನೋ, ಮುಟ್ಟಿಸಿದ್ದು ಸಂಜೆಗೆ. ಮಾರನೇ ದಿನ ತಂತಿ ಸರಿಹೋದ್ಮೇಲೆ ತಂಗಿ ಫೋನಲ್ಲಿ, 'ಗುಡ್ಡ ಹತ್ತಿ ನೀನೇ ಬರ್ಬೋದಿತ್ತಲ್ಲ, ಅಮ್ಮನ ಮುಖ ನನಗೆ ತಪ್ಪಿಸಿದೆ' ಅಂದ್ಲು. ದಾರಿ ಕುಸಿದು ಹೋಗಿದೆ, ಮನುಷ್ಯರ ಕೈಲಿ ಆಗೋದಲ್ಲ ಅಂದೆ ನಾನು."

"ನೋಡಿದ್ಯಾ ಆಗ?"

"ಇಲ್ಲ ಮಗಾ. ಊರಲ್ಲೆಲ್ಲ ಹಾಗಂತಿದ್ರು. ನಾನೂ ಹಾಗೇ ಅಂದೆ. ಅವತ್ತಿಂದ ಮಾತಿಲ್ಲ."

"ನಿನ್ನ ತಂಗಿ ಹೆಸರೇನು?"

"ಜೆಲಿಹಾ."

ಕೆನಾನ್ ಕೆಳಗೆ ಊರಿನ ಕಡೆ ನೋಡಿದ. ಅವರೆಲ್ಲ ಇನ್ನೊಂದು ಗಂಟೆಯಲ್ಲಿ ಊಟಕ್ಕೆ ಕೂರಬೇಕಾದದ್ದು ಅದೇ ಜೆಲಿಹಾಳ ಅಂಗಳದಲ್ಲಿ. "ಅಜ್ಜಿ, ಬೇಕಾದ್ರೆ ಜೀಪು ಕರೆಸ್ತೀನಿ, ವಾಪಸ್..." ಎಂದು ಶುರುಮಾಡಿದ.

"ದಾರಿ ಇದೆಯೋ ಇಲ್ವೋ ಅಂತ ನೋಡ್ಕೊಂಡು ತಿರುಗೋಣ ಅಂತಾನೇ ಬಂದಿದ್ದೆ," ಎಂದು ಮುದುಕಿ ಎದ್ದಳು. "ಇದೆ ಅಂದಮೇಲೆ ಹೇಗೆ ತಿರುಗಲಿ?"

ಜೆಲಿಹಾ ಮಲ್ಬರಿ ಮರದ ಕೆಳಗೆ ಒಲೆಯ ಮುಂದೆ ಕುಳಿತು ತೆಳುರೊಟ್ಟಿ ಲಟ್ಟಿಸುತ್ತಿದ್ದಳು. ತಲೆಯೆತ್ತದೆ, "ಎಂಟು ಜನ ಅಂದಿದ್ದೆ, ನಿನ್ನ ಬಿಟ್ಟು ಒಂಬತ್ತು ಜೊತೆ ಕಾಲು ಬಂತಲ್ಲೋ ಕೆನಾನ್," ಎಂದಳು. ಆಮೇಲೆ ಒಂಬತ್ತನೆಯ ಜೊತೆಯ ರಬ್ಬರ್ ಜೋಡು ಕಣ್ಣಿಗೆ ಬಿತ್ತು. ಕೈ ನಿಂತಿತು. ಕಾವಲಿಯ ಮೇಲಿದ್ದ ರೊಟ್ಟಿ ಸೀಯತೊಡಗಿತು.

"ದಾರಿ ಇತ್ತು ಕಣೇ," ಎಂದಳು ಫದಿಮೆ, ನಿಂತಲ್ಲಿಂದಲೇ. "ಬರ್ಬೋದಿತ್ತು. ಆಗ ನನ್ನ ಕಾಲಿಗೆ ಎರಡು ಗಂಟೆ ಸಾಕಾಗ್ತಿತ್ತು."

ಜೆಲಿಹಾ ಸೀದ ರೊಟ್ಟಿಯನ್ನು ತೆಗೆದು ಕೋಳಿಗಳ ಕಡೆ ಎಸೆದಳು. ಪ್ರವಾಸಿಗರು ಬೆನ್ನುಚೀಲ ಇಳಿಸದೆ, ಏನು ನಡೆಯುತ್ತಿದೆ ಎಂದು ಕೆನಾನ್‌ನ ಮುಖ ನೋಡುತ್ತ ನಿಂತರು. ಕೆನಾನ್ ಅವರಿಗೆ ಕೂರಲು ಕೈಸನ್ನೆ ಮಾಡಿದ.

"ನನಗೆ ಗೊತ್ತಿತ್ತು ಅಕ್ಕಾ," ಎಂದಳು ಜೆಲಿಹಾ ಕೊನೆಗೆ. "ಅಮ್ಮ ಹೋದ ಮೂರನೇ ದಿನ ನಾನೇ ಹೊರಟು ಬಂದೆ, ನಿನ್ನ ಜುಟ್ಟು ಹಿಡಿದು ಜಗಳ ಆಡೋಣ ಅಂತ. ಕುಸಿದದ್ದನ್ನ ದಾಟಿ, ನಿಮ್ಮೂರ ಮೇಲ್ಗಡೆ ನಿಂತು ನೋಡಿದ್ರೆ, ಕೆಳಗೆ ತೊಟ್ಟಿ ಹತ್ರ ನೀನೊಬ್ಬಳೇ ಅಮ್ಮನ ಕಂಬಳಿ ಒಗೀತಾ ಇದ್ದೆ. ಜಗಳ ಬಾಯಿಗೆ ಬರ್ಲಿಲ್ಲ. ತಿರುಗಿ ಬಂದ್ಬಿಟ್ಟೆ."

ಫದಿಮೆ ಅಂಗಳ ದಾಟಿ ಬಂದು, ಒಲೆಯ ಈಚೆ ಮಗ್ಗುಲಲ್ಲಿ ಮೆಲ್ಲಗೆ ಕುಕ್ಕರಿಸಿದಳು.

"ಇಳಿದು ಬರೋದಲ್ವೇನೇ," ಎಂದಳು. "ನೆನೆದ ಕಂಬಳಿ ಹಿಂಡೋಕೆ ಇಬ್ಬರು ಬೇಕು."