ಬೆನ್ನ ಮೇಲೆ ಕಲಿತ ಅಕ್ಷರ

ಮಧ್ಯಾಹ್ನ ಮೂರು ಗಂಟೆಗೆ ಮುಂಡರಗಿಯ ನಮ್ಮ ಓಣಿಯಲ್ಲಿ "ದಾಳಿ ಬಂತ್ರಿ!" ಎಂಬ ಕೂಗು ಎದ್ದಿತು. ಸ್ವಾತಂತ್ರ್ಯ ಬಂದ ಮರುವರ್ಷ, ಗಡಿಯಾಚೆಯ ಸಂಸ್ಥಾನದಿಂದ ಲೂಟಿಕೋರರು ಬರುತ್ತಿದ್ದ ಕಾಲ. ಅವ್ವ ಐದು ವರ್ಷದ ನನ್ನನ್ನೂ ಅಕ್ಕನನ್ನೂ ಖಾಲಿ ಹಗೇವಿಗೆ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿಗೆ, ಇಳಿಸಿ ಅದರ ಬಾಯಿಗೆ ಕಣಿಕೆ, ಒಣಗಿದ ಜೋಳದ ದಂಟು, ಹೊಚ್ಚಿದಳು. ತಾನು ಹೊರಗೇ ಉಳಿದಳು. ಮುಗ್ಗಿದ ಜೋಳದ ವಾಸನೆ ಬಂದರೆ ಇಂದಿಗೂ ನನ್ನ ಉಸಿರು ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆಯೇ ಅಕ್ಕನ ಬೆರಳು ಬೆನ್ನ ಮೇಲೆ ಆಡಿದಂತಾಗುತ್ತದೆ.

ನಾನು ಅಳಲು ಬಾಯಿ ತೆರೆದೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಅಕ್ಕ ನನ್ನ ಬಾಯಿಗೆ ಕೈ ಹಿಡಿದು, "ಸಪ್ಪಳಾದ್ರ ಬರ್ತಾರಲೇ. ನಾ ಬೆನ್ನ ಮ್ಯಾಲ ಅಕ್ಷರ ಬರೀತೀನಿ, ನೀ ನನ್ನ ಅಂಗೈಯಾಗ ಬರಿ" ಎಂದು ಪಿಸುಗುಟ್ಟಿದಳು. ಅ, ರ, ಸ. ಒಂದೊಂದರ ಸದ್ದನ್ನೂ ಕಿವಿಯಲ್ಲಿ ಊದಿದಳು. ಕೂಡಿಸಿದಾಗ 'ಅರಸ' ಆಯಿತು. ಮೇಲೆ ಕಾಲಸಪ್ಪಳ ಕೇಳಿತು, ಬೆನ್ನ ಮೇಲಿನ ಗೆರೆ ಸೊಟ್ಟಾಯಿತು.

"ಅಲುಗಾಡಬ್ಯಾಡಲೇ ಕ್ವಾಣ, ಅಕ್ಷರ ಕೆಡತಾವ."

ನಾನು ಅಲುಗಾಡಿರಲಿಲ್ಲ.

ಸಂಜೆ ಅವ್ವನೇ ಕಣಿಕೆ ಸರಿಸಿದಳು. ಮರುದಿನ ಗದಗಿನ ಅತ್ತೆಯ ಮನೆ ಸೇರಿದೆವು. ಅಲ್ಲಿಯೂ ನಾನು ಬೆಚ್ಚಿದಾಗಲೆಲ್ಲ ಅಕ್ಕ ಬೆನ್ನ ಮೇಲೆ ಬರೆಯುತ್ತಿದ್ದಳು. ಒಂಬತ್ತನೆಯ ರಾತ್ರಿ ಮೂವರೂ ಎಚ್ಚರವಾಗದೆ ಮಲಗಿದೆವು. ಮರುದಿನ ಮುಂಜಾನೆ ಅಕ್ಕ ಪಾಟಿಯ ಮೇಲೆ ಬರೆದದ್ದನ್ನು ನಾನು ತಡವರಿಸದೆ ಓದಿದೆ. ಅದುವರೆಗೆ ಅಕ್ಷರವನ್ನು ಕಣ್ಣಿನಿಂದ ನೋಡಿಯೇ ಇರಲಿಲ್ಲ.