ಕಾಣೆಯಾಗುವ ಅಪ್ಪ

ದಡದ ಮನೆಗಳು ಬೆಂಕಿಪೊಟ್ಟಣದಷ್ಟು ಸಣ್ಣಗಾದ ಮೇಲೆ ಲಾಕ್ಲನ್ ದೋಣಿಯ ಎಂಜಿನ್ ನಿಲ್ಲಿಸಿದ.

"ಇಲ್ಲೇ," ಎಂದ.

ಬ್ರಯನಿ ಎರಡೂ ಕೈಗಳಿಂದ ದೋಣಿಯ ಅಂಚು ಹಿಡಿದುಕೊಂಡಳು. ಹತ್ತುವಾಗ ಅಣ್ಣನೇ ಅವಳಿಗೆ ತೇಲುವ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದಿದ್ದ. ತಾನು ತೊಟ್ಟಿರಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಬೆನ್ನು ಹಾಕಿಯೇ ದೋಣಿ ನಡೆಸಿದ್ದ.

ಅವನ ಸಿಟ್ಟಿಗೆ ಕಾರಣ ಅವಳಿಗೆ ಗೊತ್ತಿತ್ತು.

ಬ್ರಯನಿ ಮೆಲ್ಬರ್ನ್‌ನಲ್ಲಿದ್ದು ಟಿವಿಗೆ ಬರೆಯುವವಳು. ಅವಳ 'ಅರೆಬರೆ ವೀರರು' ಧಾರಾವಾಹಿ ಈ ವರ್ಷ ದೇಶವನ್ನೇ ನಗಿಸಿತ್ತು. ಟಾಸ್ಮೇನಿಯಾದ ಒಂದು ಮೀನುಗಾರರ ಊರು, ಅಲ್ಲೊಂದು ಕುಟುಂಬ. ಮನೆಯಲ್ಲಿ ಎಲ್ಲರಿಗೂ ಒಂದೊಂದು ಅದ್ಭುತ ಶಕ್ತಿ, ಆ ಶಕ್ತಿಗೊಂದು ಹುಳುಕು. ಅತ್ತೆಗೆ ಗೋಡೆಯಾಚೆಯ ಪಿಸುಮಾತೂ ಕೇಳುತ್ತದೆ, ಆದರೆ ಕೇಳಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅಣ್ಣ ಲಾರಿಯನ್ನೇ ಎತ್ತಬಲ್ಲ, ಆದರೆ ರೇಗಿದರೆ ಎತ್ತಿದ್ದನ್ನೆಲ್ಲ ಒಗೆದುಬಿಡುತ್ತಾನೆ. ಅಪ್ಪ ಮಾಯವಾಗಬಲ್ಲ. ಆದರೆ ಯಾರಿಗಾದರೂ ಅವನ ಅಗತ್ಯ ಬಿದ್ದಾಗಲೇ ಮಾಯವಾಗುತ್ತಾನೆ.

ಹೆಸರುಗಳನ್ನು ಬದಲಿಸಿದ್ದಳು, ಅಷ್ಟೇ. ಊರಿಗೆ ಗುರುತು ಹತ್ತದೆ ಇರಲಿಲ್ಲ. ಮೊದಮೊದಲು ಯಾರಿಗೂ ಬೇಸರವಾಗಲಿಲ್ಲ. ಪಬ್‌ನಲ್ಲಿ ದೊಡ್ಡ ಪರದೆ ಕಟ್ಟಿ ನೋಡಿದರು. ಮರ್ಲ್ ಅತ್ತೆಯಂತೂ "ಆ ಬಾಯಿಬಡುಕಿ ನಾನೇ ಕಣ್ರೀ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಕೊನೆಯ ಕಂತಿನಲ್ಲಿ ಬಿರುಗಾಳಿಗೆ ದೋಣಿ ಮಗುಚುತ್ತದೆ. ನೀರಿಗೆ ಬಿದ್ದ ಅಮ್ಮ ಗಂಡನನ್ನು ಕೂಗುತ್ತಾಳೆ. ಅವನು ಮಾಯವಾಗುತ್ತಾನೆ.

ಅಪ್ಪ ಕ್ಲೆಮ್ ಬಿಯರ್ ಲೋಟ ಕೆಳಗಿಟ್ಟು ಎದ್ದು ಹೋದನಂತೆ. ಅಂದಿನಿಂದ ಊರಿನ ಯಾರೂ ಬ್ರಯನಿಗೆ ಫೋನ್ ಮಾಡಿರಲಿಲ್ಲ.

ಆ ದೃಶ್ಯವನ್ನು ಅವಳು ಕಟ್ಟಿದ್ದಲ್ಲ. ಅವಳು ತೀರ ಚಿಕ್ಕವಳಿದ್ದಾಗ ಅಮ್ಮ ಇದೇ ನೀರಿನಲ್ಲಿ ಸತ್ತದ್ದು. ನೆನಪಿರುವುದು ಇಷ್ಟೇ: ಹಡಗುಕಟ್ಟೆ, ಡೀಸೆಲ್ ವಾಸನೆಯ ಕಂಬಳಿ, ಕಟಕಟಿಸುವ ಹಲ್ಲು, ಬಾಯ್ತುಂಬ ಉಪ್ಪು. ತುಂಬ ಅತ್ತಿರಬೇಕು. ದೊಡ್ಡವರು ಅತ್ತಿಂದಿತ್ತ ಓಡುತ್ತ ಕೂಗುತ್ತಿದ್ದರು, "ಕ್ಲೆಮ್ ಎಲ್ಲಿ? ಕ್ಲೆಮ್ ಎಲ್ಲಿ?" ಅಪ್ಪ ಎಲ್ಲೂ ಇರಲಿಲ್ಲ. ಬೆಳೆದ ಮೇಲೆ ಒಮ್ಮೆ ಕೇಳಿದ್ದಳು. "ಅವತ್ತು ಎಲ್ಲಿದ್ದೆ ಅಪ್ಪ?" ಅವನು ತಟ್ಟೆ ನೋಡುತ್ತ, "ದಡದಲ್ಲಿ ಇರ್ಲಿಲ್ಲ ಮಗಳೇ" ಎಂದಿದ್ದ. ಆ ಮಾತನ್ನು ಅವಳು ಕ್ಷಮಿಸಲೇ ಇಲ್ಲ.

ಇಂದು ಬೆಳಗ್ಗೆ ಊರಿಗೆ ಬಂದಿಳಿದಾಗ ಬೇಕರಿಯವಳು ಮಾಂಸ ತುಂಬಿದ ಪೈ ಕೊಟ್ಟಳು, ಮುಖ ನೋಡಲಿಲ್ಲ. ಮನೆಯ ಮುಂದೆ ಕಾರು ನಿಂತದ್ದನ್ನು ಕಂಡ ಅಪ್ಪ ಹಿತ್ತಲ ಶೆಡ್ಡಿಗೆ ನಡೆದುಬಿಟ್ಟ. ಇವತ್ತೂ ಮಾಯ, ಎಂದುಕೊಂಡಳು ಬ್ರಯನಿ. ಅತ್ತೆ ಬಾಗಿಲಲ್ಲೇ ತಡೆದಳು.

"ಲಾಕ್ಲನ್ ಜೊತೆ ಹೋಗು."

"ಎಲ್ಲಿಗೆ ಅತ್ತೆ?"

ಜೀವಮಾನದಲ್ಲಿ ಬಾಯಿ ಮುಚ್ಚದ ಮರ್ಲ್ ಅತ್ತೆ ತುಟಿ ಬಿಗಿದು ಒಳಗೆ ಹೋದಳು.

ಈಗ ದೋಣಿ ಸುಮ್ಮನೆ ಓಲಾಡುತ್ತಿತ್ತು. ಕಣ್ಣಳತೆಯಲ್ಲಿ ಬೇರೆ ದೋಣಿ ಇರಲಿಲ್ಲ. ತಣ್ಣನೆ ಗಾಳಿ ಏಳುತ್ತಿತ್ತು.

"ಅದು ಧಾರಾವಾಹಿ ಲಾಕ್ಲನ್. ಬರೀ ಕಥೆ."

"ಹೌದಾ? ನಮ್ಮನ್ನೆಲ್ಲ ಬೀದೀಲಿ ನಿಲ್ಲಿಸಿದೆಯಲ್ಲ, ನೀನೆಲ್ಲಿ ಅದರಲ್ಲಿ? ಆ ದೋಣೀಲಿ ನಿನ್ನ ಪಾತ್ರಾನೇ ಇಲ್ಲ."

"ನಾನು ಅವತ್ತು ದೋಣೀಲಿ ಇರ್ಲಿಲ್ವಲ್ಲ!"

ಲಾಕ್ಲನ್ ನಕ್ಕ. ಅದು ನಗೆಯಂತಿರಲಿಲ್ಲ. ಎದ್ದು ನಿಂತ. ಅವನ ಭಾರಕ್ಕೆ ದೋಣಿ ವಾಲಿತು.

"ಈಜು ಬರುತ್ತಾ ನಿಂಗೆ?"

"ಬರಲ್ಲ ಅಂತ ಗೊತ್ತು ನಿಂಗೆ. ಕೂತ್ಕೋ!"

"ಮೀನುಗಾರನ ಮಗಳು. ಸ್ನಾನದ ತೊಟ್ಟಿಗೆ ಇಳಿಸಿದ್ರೂ ಕಿರುಚ್ಕೋತಿದ್ದೆ. ಯಾಕೆ ಅಂತ ಒಂದು ದಿನಾನಾದ್ರೂ ಕೇಳ್ಕೊಂಡಿದ್ದೀಯೇನೇ?"

ಹತ್ತಿರ ಬಂದ. ಅವನ ದಪ್ಪ ಕೈ ಅವಳ ಭುಜದ ಮೇಲೆ ಬಿತ್ತು. ಬ್ರಯನಿ ಕಣ್ಣು ಮುಚ್ಚಿದಳು. ತಳ್ಳುತ್ತಾನೆ ಎಂದು ಕಾದಳು.

ಕೈ ತಳ್ಳಲಿಲ್ಲ. ಕಣ್ಣು ಬಿಟ್ಟಾಗ ಅಣ್ಣ ಮಂಡಿಯೂರಿ ಕುಳಿತಿದ್ದ.

"ನಾನು ಅಪ್ಪಂಗೆ ಮಾತು ಕೊಟ್ಟಿದ್ದೆ ಕಣೇ. ಅತ್ತೇನೂ ಕೊಟ್ಟಿದ್ಲು. ಆ ಬೇಕರಿಯವಳು, ಪಬ್‌ನವನು, ಊರಿಗೆ ಊರೇ ಕೊಟ್ಟಿತ್ತು. ಮನೆಮನೆ ಬಾಗಿಲಿಗೆ ಹೋಗಿ ಬೇಡ್ಕೊಂಡ ಅವನು, ಮಗು ಆ ಭಾರ ಹೊತ್ಕೊಂಡು ಬೆಳೀಬಾರ್ದು ಅಂತ. ತಾನು ಹೇಡಿ ಅನ್ನಿಸ್ಕೊಂಡ್ರೂ ಪರವಾಗಿಲ್ಲ ಅಂದ. ಇವತ್ತು ನಾನು ಆ ಮಾತು ಮುರೀತೀನಿ."

"ಯಾವ ಭಾರ?" ಬ್ರಯನಿ ಅವನ ತೋಳು ಹಿಡಿದಳು.

ಲಾಕ್ಲನ್ ಅವಳ ಮುಖ ಬಿಟ್ಟು ನೀರಿನ ಕಡೆ ನೋಡಿದ.

"ಅವತ್ತು ನಮ್ಮಿಬ್ರನ್ನ ಬೇರೆ ದೋಣಿಯವ್ರು ದಡಕ್ಕೆ ಒಯ್ದ್ಮೇಲೂ ಅಪ್ಪ ಇಲ್ಲೇ ಅಮ್ಮನ್ನ ಹುಡುಕ್ತಿದ್ದ. ದೋಣಿ ಮಗುಚಿದಾಗ ನಾನು ಅದರ ಬೆನ್ನು ಹಿಡ್ಕೊಂಡಿದ್ದೆ. ಅಪ್ಪ ನೀರೊಳಗಿದ್ದ, ಒಂದು ಕೈಲಿ ಅಮ್ಮ, ಇನ್ನೊಂದು ಕೈಲಿ ನೀನು. ಇಬ್ರನ್ನೂ ಮೇಲೆ ತರೋಕೆ ಆಗ್ತಿರ್ಲಿಲ್ಲ, ಆದ್ರೂ ಅವನು ಯಾರನ್ನೂ ಬಿಡ್ಲಿಲ್ಲ ಬ್ರಯನಿ — ಅಮ್ಮನೇ ಅವನ ಕೈ ಕಚ್ಚಿ ಬಿಡಿಸ್ಕೊಂಡ್ಲು."