ಸೂಜಿಯ ಗಾಳ

ಸಿರುಗುಪ್ಪದ ಹೊರಗೆ, ಹಳೆಯ ಕಾಲುವೆಯ ದಂಡೆಯ ಮೇಲೆ ಪಾರಮ್ಮ ಸೆರಗಿನ ಗಂಟು ಬಿಚ್ಚಿ ಮೂರು ಗಾಳಗಳನ್ನು ತಮ್ಮ ಜಡೆಪ್ಪನ ಮುಂದೆ ಇಟ್ಟಳು. ಒಂದು, ಯುದ್ಧಕ್ಕೆ ಮುಂಚೆ ಬಳ್ಳಾರಿ ಬಜಾರಿನಲ್ಲಿ ಕೊಂಡದ್ದು. ತುಕ್ಕು ತಿಂದು ಮೊನೆಯೇ ಹೋಗಿತ್ತು. ಇನ್ನೊಂದು ಕೊಡೆಯ ಕಡ್ಡಿ ಬಾಗಿಸಿ ಮಾಡಿದ್ದು. ಮೂರನೆಯದು ಹಳೆಬಟ್ಟೆಯ ಕೌದಿ ಹೊಲಿಯುವ ದಪ್ಪ ಸೂಜಿ. ಬೆಳಿಗ್ಗೆ ಒಲೆಯ ಕೆಂಡದಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಅವಳೇ ಬಾಗಿಸಿದ್ದಳು.

"ಮನ್ಯಾಗಿದ್ದ ಒಂದ ಸೂಜಿನೂ ಕೆಡಿಸಿದೇನಬೇ ಅಕ್ಕಾ?" ಜಡೆಪ್ಪ ನಕ್ಕ. "ಯುದ್ಧ ಶುರು ಆದಾಗಿಂದ ಬಳ್ಳಾರಿಗೆ ಹೋದ್ರೂ ಸೂಜಿ ಸಿಗವಲ್ಲವು."

"ಸೂಜಿ ಹೋದ್ರ ಹೋಗ್ಲಿ. ಕೂಸು ನಿನ್ನಿಯಿಂದ ಅಳಾಕೂ ಶಕ್ತಿ ಇಲ್ದ ಬಿದ್ದೈತಿ."

ಕೂಸು ಅವಳ ಮಗಳು ಮೂಕಮ್ಮನದು. ಹೆರಿಗೆಯಾದಾಗಿನಿಂದ ಮೂಕಮ್ಮನಿಗೆ ಎದೆಹಾಲು ಇಳಿದಿರಲಿಲ್ಲ. ಆಡಿನ ಹಾಲಿನಲ್ಲಿ ಬತ್ತಿ ಅದ್ದಿ ಬಾಯಿಗಿಟ್ಟರೆ ಕೂಸು ಕಾರಿಕೊಳ್ಳುತ್ತಿತ್ತು. ಕೊರಮೀನಿನ ಸಾರು ಕುಡಿಸಿದರೆ ಹಾಲು ಬರುತ್ತದೆ ಎಂದು ಸೂಲಗಿತ್ತಿ ಹೇಳಿದ್ದಳು. ಕೊರಮೀನು ಸುಲಭವಾಗಿ ಬಲೆಗೆ ಬೀಳುವುದಲ್ಲ. ಜೊಂಡಿನ ಬುಡದಲ್ಲಿ ಅಡಗಿರುತ್ತದೆ. ಜೀವಂತ ಕಪ್ಪೆ ತೋರಿಸಿ ಕರೆಯಬೇಕು.

ಜಡೆಪ್ಪ ಕೊಡೆಕಡ್ಡಿಯ ಗಾಳ ಎತ್ತಿಕೊಂಡ. "ಇದು ಗಟ್ಟಿ ಐತಿ. ಎಷ್ಟು ಜಗ್ಗಿದ್ರೂ ಬಿಡಾಂಗಿಲ್ಲ."

"ಅಷ್ಟು ದಪ್ಪಂದು ಚುಚ್ಚಿದ್ರ ಕಪ್ಪಿ ಅಲ್ಲೇ ಸಾಯ್ತೈತಿ. ಸತ್ತ ಕಪ್ಪೀನ ಯಾವ ಕೊರಮೀನು ಮೂಸಿ ನೋಡ್ತೈತಿ?"

"ನಿನ್ನ ಸೂಜಿಗೆ ಹಿಡಿಯೋ ಹಿಂಮುಳ್ಳಿಲ್ಲ. ಬಾಯಿಗೆ ಸಿಕ್ಕಿದ್ದು ಜಾರಿ ಹೋಗ್ತೈತಿ."

"ಹುರಿ ಸಡ್ಲ ಬಿಡಬ್ಯಾಡ. ಅದನ್ನೂ ನಾನ ಹೇಳಬೇಕೇನು, ಮೀಸಿ ಹಣ್ಣಾದವಗ?"

ಜಡೆಪ್ಪ ಕೊಡೆಕಡ್ಡಿ ಕೆಳಗಿಟ್ಟ. ಸೂಜಿಯ ಕಣ್ಣಿಗೇ ಹುರಿ ಪೋಣಿಸಿ ಗಂಟು ಬಿಗಿದ. ಜೊತೆಗೆ ತಂದಿದ್ದ ಮಡಕೆಯಿಂದ ಸಣ್ಣ ಕಪ್ಪೆಯೊಂದನ್ನು ತೆಗೆದು, ಬೆನ್ನಿನ ತೊಗಲನ್ನಷ್ಟೇ ಚಿವುಟಿ ಹಿಡಿದು ಮೊನೆ ದಾಟಿಸಿದ. ಕಪ್ಪೆಯ ಕಾಲುಗಳು ಗಾಳಿಯಲ್ಲೇ ಈಜತೊಡಗಿದವು.

"ಹೂಂ, ನೀರಿಗೆ ಕೇಳು," ಎಂದ.

ಆ ಮನೆಯವರ ರೂಢಿ ಅದು. ಗಾಳ ಇಳಿಸುವ ಮೊದಲು ಮೀನು ಯಾರಿಗೆ, ಎಷ್ಟು ಎಂದು ನೀರಿಗೆ ಹೇಳಬೇಕು. ಹೇಳಿದ್ದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ.

ಪಾರಮ್ಮ ಮಂಡಿಯೂರಿ ನೀರು ಮುಟ್ಟಿದಳು. "ಗಂಗವ್ವಾ, ನನ್ನ ಬಾಣಂತಿ ಮಗಳಿಗೆ..." ಅಷ್ಟರಲ್ಲಿ ಜೊಂಡಿನ ನಡುವೆ ನೀರು ಕೆಂಪಾಯಿತು. ಕುಂಕುಮ ಚೆಲ್ಲಿದಂತೆ ಸಣ್ಣ ಸಣ್ಣ ಮರಿಗಳು ಒಟ್ಟಾಗಿ ಮೇಲೆ ಬಂದು, ಉಸಿರೆಳೆದುಕೊಂಡು, ಒಟ್ಟಾಗಿ ಕೆಳಗಿಳಿದವು.

"ನಮ್ಮ ಪುಣ್ಯ ನೋಡು!" ಜಡೆಪ್ಪನ ದನಿ ಪಿಸುಮಾತಾಯಿತು. "ಕೊರಮೀನಿನ ಮರಿ. ತಳದಾಗ ತಾಯಿ ತಂದಿ ಎರಡೂ ಕಾಯ್ತಿರ್ತಾವು. ಹಸಿವಿಲ್ದಿದ್ರೂ ಕಪ್ಪೀನ ಓಡ್ಸಾಕರ ಬಂದು ಕಚ್ತಾವು. ಎರಡು ಕೇಳಕ್ಕ."

ಪಾರಮ್ಮನ ಕೈ ನೀರಿನಲ್ಲೇ ಇತ್ತು. ಮರಿಗಳು ಇನ್ನೊಮ್ಮೆ ಮೇಲೆ ಬಂದು ಹೋದವು.

"ಒಂದು," ಎಂದಳು. "ಒಂದು ಕೊಡವ್ವ."

ಕಪ್ಪೆ ಮರಿಗಳ ನಡುವೆ ಬಿದ್ದು ಕಾಲು ಬಡಿಯಿತು. ಮರುಕ್ಷಣ ನೀರು ಒಡೆದು ಹುರಿ ಬಿಗಿಯಿತು. ಜಡೆಪ್ಪ ಸಡಿಲ ಬಿಡಲಿಲ್ಲ. ಮೊಳದುದ್ದದ ಕರಿ ಮೀನು ದಂಡೆಯ ಹುಲ್ಲಿನ ಮೇಲೆ ಬಂದು ಬಿತ್ತು. ಪಾರಮ್ಮನ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಹೀಗೆ ಸಿಕ್ಕ ಮೀನು ಮಾತಾಡುತ್ತಿತ್ತು. ನನ್ನನ್ನು ಬಿಟ್ಟರೆ ಮಡುವಿನಲ್ಲಿ ಕಳೆದ ಉಂಗುರ ತಂದುಕೊಡುತ್ತೇನೆ ಎನ್ನುತ್ತಿತ್ತು. ಇದು ಏನೂ ಹೇಳಲಿಲ್ಲ. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

ಮನೆಗೆ ತಂದು ಸೀಳಿದಾಗ ಮೀನಿನ ಹೊಟ್ಟೆಯಲ್ಲಿ ಒಂದು ಹುಳವೂ ಇರಲಿಲ್ಲ. ಮರಿ ಕಾಯುತ್ತ ಉಪವಾಸ ಇದ್ದಿತ್ತು. ಪಾರಮ್ಮ ಅದನ್ನು ಯಾರಿಗೂ ಹೇಳದೆ ಬಳ್ಳೊಳ್ಳಿ, ಮೆಣಸು ಅರೆದು ಸಾರು ಕಾಯಿಸಿದಳು. ಮೂಕಮ್ಮ ರಾತ್ರಿಯೂ ಕುಡಿದಳು, ಬೆಳಿಗ್ಗೆಯೂ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ತುಟಿಯ ಅಂಚಿನಲ್ಲಿ ಬೆಳ್ಳನೆಯ ಹನಿಯೊಂದು ಕಂಡಿತು.

ಸಂಜೆ ಜಡೆಪ್ಪ ಗಾಳದ ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದ.

"ಹಾಲು ಈಗಿನ್ನ ಶುರು ಆಗೈತಿ. ಇನ್ನೊಂದು ಸಾರು ಬಿದ್ರ ನಿಲ್ತೈತಿ. ಆ ಇನ್ನೊಂದು ಮೀನು ಮರಿ ಬಿಟ್ಟು ಎಲ್ಲಿಗೂ ಹೋಗಿರಾಂಗಿಲ್ಲ. ಗಾಳ ಕೊಡಕ್ಕ."

"ಒಂದ ಕೇಳೀನಿ."

"ನೀರಿಗೇನು ಲೆಕ್ಕ ಬರ್ತೈತೇನು? ಇನ್ನೊಮ್ಮಿ ಕೇಳಿದ್ರಾತು. ನಾಳಿ ಹಾಲು ಬತ್ತಿದ್ರ ಏನ್ಮಾಡ್ತಿ?"

ಪಾರಮ್ಮ ಒಳಕೋಣೆಯತ್ತ ಕಿವಿಗೊಟ್ಟಳು. ಕೂಸು ಚೀಪುವ ಸದ್ದು ನಿಂತು ನಿಂತು ಕೇಳುತ್ತಿತ್ತು. ಅವಳು ಒಲೆಯ ಮುಂದೆ ಕುಳಿತು ಸೂಜಿಯ ಗಾಳವನ್ನು ಕೆಂಡದೊಳಗೆ ತಳ್ಳಿದಳು.

"ಏ, ಏ, ಅಕ್ಕಾ!"

ಕೆಂಪಗಾದ ಗಾಳವನ್ನು ಇಕ್ಕಳದಲ್ಲಿ ತೆಗೆದು, ಕಲ್ಲಿನ ಮೇಲಿಟ್ಟು ನಿಧಾನವಾಗಿ ಬಡಿದಳು. ನೀರಿಗೆ ಅದ್ದಿದಾಗ ಚುಂಯ್ ಎಂದಿತು. ಸೂಜಿ ಪೂರ್ತಿ ನೆಟ್ಟಗಾಗಲಿಲ್ಲ. ನಡುವೆ ಸಣ್ಣದೊಂದು ಬಾಗು ಉಳಿಯಿತು. ಪಾರಮ್ಮ ಅದಕ್ಕೇ ದಾರ ಪೋಣಿಸಿ ಕೂಸಿನ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡಳು. ಎಷ್ಟು ನೇರವಾಗಿ ಚುಚ್ಚಿದರೂ ಪ್ರತಿ ಹೊಲಿಗೆಯೂ ಒಂದಿಷ್ಟು ಓರೆಗೇ ಹೋಗುತ್ತಿತ್ತು.